ಮನೆಗಾಡಿಯ ಸಂತೆ ಲೆಕ್ಕ

ಪರದೇಶಕ್ಕೆ ಹೋಗಿ ಬಂದ ಮೇಲೆ ಊರಿನವರು ನನ್ನನ್ನು ಮುಖ್ಯವಾಗಿ ಕೇಳಿದ್ದು ಎರಡೇ ಪ್ರಶ್ನೆ. "ಅಲ್ಲಿ ಊಟಕ್ಕೆ ಏನ್ ಮಾಡಿದ್ರಿ?" "ಎಷ್ಟು ಖರ್ಚಾಯ್ತು?" ಈಗ ನಮ್ಮಂಥ ಮಳೆ ನಂಬಿದ ರೈತರ ಮಕ್ಕಳೂ ಓದಿ ಹೊರದೇಶಕ್ಕೆ ಹೋಗುತ್ತಿದ್ದಾರೆ. ಮೊಮ್ಮಗು ಹುಟ್ಟಿದರೆ ಅಜ್ಜ ಅಜ್ಜಿಗೆ ಟಿಕೆಟ್ ಬರುತ್ತೆ. ನಾಳೆ ನಿಮಗೂ ಬರಬಹುದು. ಅದಕ್ಕೇ ಈ ಎರಡು ಪ್ರಶ್ನೆಗೂ ಲೆಕ್ಕ ಸಮೇತ ಬರೆಯುತ್ತಿದ್ದೇನೆ. ಅಲ್ಲಿಗೆ ಹೋಗದವರಿಗೂ ಇದರಲ್ಲಿ ಒಂದೆರಡು ವಿಷಯ ಉಪಯೋಗಕ್ಕೆ ಬಂದೀತು.

ನನ್ನ ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ಆ ದೇಶದಲ್ಲಿ ಮಗು ಹುಟ್ಟಿದರೆ ತಾಯಿಗಷ್ಟೇ ಅಲ್ಲ, ತಂದೆಗೂ ರಜೆ ಉಂಟು. ಆದರೆ ರಜೆಯಲ್ಲಿ ಪೂರ್ತಿ ಸಂಬಳ ಇಲ್ಲ. ಕೈಗೆ ಬರುತ್ತಿದ್ದ ಸಂಬಳದ ಸುಮಾರು ಮೂರರಲ್ಲಿ ಎರಡು ಪಾಲನ್ನು ಸರ್ಕಾರ ಕೊಡುತ್ತೆ, ಅದೂ ತಿಂಗಳಿಗೆ 1,800 ಯೂರೋ ದಾಟುವಂತಿಲ್ಲ. ಮನೆ ಬಾಡಿಗೆ ಮಾತ್ರ ನಿಲ್ಲೋದಿಲ್ಲ. ಇಂಥ ರಜೆಯಲ್ಲಿ ಮೋಟಾರ್‌ಹೋಂ ಹತ್ತಿ ದಕ್ಷಿಣಕ್ಕೆ ಹೋಗುವ ಕುಟುಂಬಗಳು ಅಲ್ಲಿ ಬಹಳ. ಪಿಂಚಣಿ ಆದ ಮುದುಕರಂತೂ ಇಡೀ ಚಳಿಗಾಲ ಸ್ಪೇನಿನ ಸಮುದ್ರ ದಡದಲ್ಲಿ ಗಾಡಿ ನಿಲ್ಲಿಸಿಕೊಂಡು ಇದ್ದುಬಿಡುತ್ತಾರೆ. ಮಗನೂ ಒಂದು ಹಳೇ ಗಾಡಿ ಕೊಂಡ, ತಿರುಗಾಡಿ ಬಂದು ಮಾರುವ ಲೆಕ್ಕದಲ್ಲಿ. ಮಗು ನೋಡಿಕೊಳ್ಳಲು ನಮ್ಮಿಬ್ಬರನ್ನೂ ಕರೆಸಿದ. ಯೂರೋಪಿನ ಆ ದೇಶಗಳ ಪ್ರವಾಸಿ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು. ನಾವು ಗಾಡಿಯಲ್ಲಿದ್ದದ್ದು 2025ರ ಜನವರಿ ಎರಡನೇ ವಾರದಿಂದ ಮಾರ್ಚ್ ಎರಡನೇ ವಾರದವರೆಗೆ, ಒಟ್ಟು ಒಂಬತ್ತು ವಾರ. ನಾಲ್ಕು ಜನ ದೊಡ್ಡವರು, ಒಂದು ಕೂಸು.

ಊಟದ ಸಾಮಾನಿಗೆ ಮಗ ವಾರಕ್ಕೆ 100 ಯೂರೋ ಅಂತ ಗೆರೆ ಎಳೆದಿದ್ದ. ಆಗ ಒಂದು ಯೂರೋಗೆ ಸುಮಾರು 90 ರೂಪಾಯಿ. ನಾನು ಎಲ್ಲವನ್ನೂ 90ರಿಂದಲೇ ಗುಣಿಸಿದ್ದೇನೆ.

ಗಾಡಿ ಎಂಥದ್ದು

ಮೊದಲು ಗಾಡಿ ವಿಚಾರ ತಿಳಿದರೆ ಆಮೇಲಿನದು ಅರ್ಥವಾಗುತ್ತೆ. ಇದು ನಮ್ಮ ಮಿನಿ ಲಾರಿಯಷ್ಟು ದೊಡ್ಡದು. ಒಳಗೆ ಮಲಗುವ ಜಾಗ, ಮೂರು ಉರಿಯ ಒಲೆ, ಸಣ್ಣ ಫ್ರಿಜ್, ಕೈ ತೊಳೆಯುವ ತೊಟ್ಟಿ, ಕಕ್ಕಸು ಎಲ್ಲಾ ಉಂಟು. ನಾವು ಇದಕ್ಕೆ ಮನೆಗಾಡಿ ಅಂತ ಹೆಸರಿಟ್ಟೆವು.

ಇದರ ಒಟ್ಟು ತೂಕ 3,500 ಕಿಲೋ ಮೀರುವಂತಿಲ್ಲ. ಮೀರಿದರೆ ದಂಡ. ಖಾಲಿ ಗಾಡಿಯೇ 2,900 ಕಿಲೋ ಇತ್ತು. ಉಳಿದ 600 ಕಿಲೋದಲ್ಲಿ ಜನ, ನೂರು ಲೀಟರ್ ನೀರು, ಎರಡು ಗ್ಯಾಸ್ ಸಿಲಿಂಡರ್, ಬಟ್ಟೆಬರೆ, ಮಗುವಿನ ಸಾಮಾನು ಕಳೆದರೆ ಪಾತ್ರೆ ಮತ್ತು ಅಡುಗೆ ಸಾಮಾನಿಗೆ ಉಳಿದದ್ದು 75 ಕಿಲೋ ಆಸುಪಾಸು. ಅಂದರೆ ಅಗ್ಗಕ್ಕೆ ಸಿಕ್ಕಿತು ಅಂತ ಮೂಟೆಗಟ್ಟಲೆ ತುಂಬಿಕೊಳ್ಳೋ ಹಾಗಿಲ್ಲ.

ಎರಡನೆಯದು ಗ್ಯಾಸ್. ಜರ್ಮನಿಯಿಂದ 11 ಕಿಲೋದ ಎರಡು ಸಿಲಿಂಡರ್ ತಂದಿದ್ದೆವು. ಸ್ಪೇನಿನ ಸಿಲಿಂಡರ್ ಬಾಯಿಯೇ ಬೇರೆ, ಇದನ್ನು ಕೊಟ್ಟು ಅದನ್ನು ತರೋಕಾಗೋಲ್ಲ. ಆದ್ದರಿಂದ ಗ್ಯಾಸ್ ಉಳಿಸುವುದೂ ಊಟದ ಲೆಕ್ಕದೊಳಗೇ ಬಂತು. ನಮ್ಮ ಮನೆಯಾಕೆ ಊರಿಂದಲೇ ಐದು ಲೀಟರ್ ಕುಕ್ಕರ್ ಹೊತ್ತು ತಂದಿದ್ದಳು. ಬೇಡ ಅಂತ ಮಗ ಫೋನಿನಲ್ಲಿ ಜಗಳ ಮಾಡಿದ್ದ. ಕೊನೆಗೆ ನಮ್ಮನ್ನು ಕಾದದ್ದು ಆ ಕುಕ್ಕರೇ.

ಮೊದಲ ಎರಡು ವಾರ ಕೈ ಸುಟ್ಟಿತು

ಜರ್ಮನಿಯಿಂದ ಫ್ರಾನ್ಸ್ ದಾಟಿ ಸ್ಪೇನಿನ ದಕ್ಷಿಣ ತುದಿಯ ಅಲ್ಮೇರಿಯಾ ಜಿಲ್ಲೆಗೆ ಸುಮಾರು ಎರಡು ಸಾವಿರ ಕಿಲೋಮೀಟರ್. ದಾರಿಯಲ್ಲಿ ಹೆದ್ದಾರಿ ಪಕ್ಕದ ಅಂಗಡಿಗಳಲ್ಲೇ ಬ್ರೆಡ್ಡು, ಹಾಲು, ಹಣ್ಣು ಕೊಂಡೆವು. ಹೆದ್ದಾರಿ ಅಂಗಡಿ ಅಂದರೆ ನಮ್ಮ ಜಾತ್ರೆಯ ಅಂಗಡಿ ಇದ್ದ ಹಾಗೆ, ಅದೇ ಸಾಮಾನು ಒಂದೂವರೆ ಪಟ್ಟು, ಎರಡು ಪಟ್ಟು. ವಾರ ಮುಗಿದಾಗ ಚೀಟಿಗಳನ್ನೆಲ್ಲಾ ಕೂಡಿಸಿದೆ. 171 ಯೂರೋ! ಹದಿನೈದು ಸಾವಿರ ರೂಪಾಯಿ ಮೇಲಾಯಿತು.

ಎರಡನೇ ವಾರ ಬೇರೆ ರೀತಿಯ ಪೆಟ್ಟು. ಇಂಥ ಹಳೇ ಗಾಡಿಗಳ ಫ್ರಿಜ್ ನಮ್ಮ ಮನೆ ಫ್ರಿಜ್ ಥರ ಅಲ್ಲ. ಗಾಡಿ ಓಡುವಾಗ ಬ್ಯಾಟರಿ, ಕರೆಂಟ್ ಇದ್ದ ಕಡೆ ಕರೆಂಟ್, ಎರಡೂ ಇಲ್ಲದಾಗ ಗ್ಯಾಸ್ ಉರಿಯಿಂದ ತಣ್ಣಗಾಗುತ್ತೆ. ಬೆಂಕಿ ಉರಿಸಿದರೆ ತಣ್ಣಗಾಗೋದು ಹೇಗೆ ಅಂತ ನನಗೂ ಆಶ್ಚರ್ಯ. ಒಳಗಿನ ಕೊಳವೆಯಲ್ಲಿ ಅಮೋನಿಯಾ ಕಾದು, ಮೇಲೇರಿ, ತಣಿದು, ಇಳಿದು ಸುತ್ತುತ್ತದಂತೆ. ಅದು ಇಳಿಜಾರಿನ ಮೇಲೆ ನಡೆಯುವ ಕೆಲಸ. ಹಾಗಾಗಿ ಗಾಡಿ ಓರೆಯಾಗಿ ನಿಂತರೆ ಸುತ್ತು ನಿಂತುಹೋಗುತ್ತೆ. ನಾವು ಒಂದು ದಿಬ್ಬದ ಪಕ್ಕ ಎರಡು ರಾತ್ರಿ ನಿಲ್ಲಿಸಿದ್ದೆವು. ಮೂರನೇ ದಿನ ಬಾಗಿಲು ತೆಗೆದರೆ ಹುಳಿ ವಾಸನೆ. ಮೊಸರು, ಬೆಣ್ಣೆ, ರುಬ್ಬಿಟ್ಟ ಹಿಟ್ಟು, ಹೆಚ್ಚಿಟ್ಟ ತರಕಾರಿ, ಸುಮಾರು 30 ಯೂರೋ ಸಾಮಾನು ಚೆಲ್ಲಿದೆವು. ಆ ವಾರದ ಲೆಕ್ಕ 138.

ಆವತ್ತು ರಾತ್ರಿ ಮಗ ತಲೆ ಮೇಲೆ ಕೈ ಹೊತ್ತು ಕೂತ. "ಅಪ್ಪಾ, ಹೀಗೇ ಆದ್ರೆ ಫೆಬ್ರುವರಿ ಮೊದಲನೇ ವಾರ ವಾಪಸ್ ಹೋಗೋಣ" ಅಂದ. ಸೊಸೆ ಮಾತಾಡಲಿಲ್ಲ. ಹೆರಿಗೆಯಾದಾಗಿನಿಂದ ಆಕೆ ಬಿಸಿಲು ಕಂಡಿರಲಿಲ್ಲ, ಅಲ್ಲಿಯ ಚಳಿಗಾಲ ಅಂಥದ್ದು. ಈ ಪ್ರಯಾಣಕ್ಕೆ ಆಕೆ ಎಷ್ಟು ಆಸೆಪಟ್ಟಿದ್ದಳು ಅಂತ ನಮಗೆ ಗೊತ್ತಿತ್ತು. ನಮ್ಮ ಮನೆಯಾಕೆ ಹೇಳಿದಳು: "ಬೆಳಿಗ್ಗೆಯಿಂದ ಅಂಗಡಿ ಕೆಲಸ ನಮಗೆ ಬಿಡ್ರಪ್ಪ. ಭಾಷೆ ಬರದಿದ್ರೂ ತರಕಾರಿ ನೋಡಕ್ಕೆ ಬರುತ್ತೆ."

ಮೊದಲು ಫ್ರಿಜ್ ರಿಪೇರಿ ಮಾಡಿದೆ. ರಿಪೇರಿ ಅಂದರೆ ಏನಿಲ್ಲ, ಬದು ಹಾಕುವಾಗ ಮಟ್ಟ ನೋಡುವ ಹಾಗೆ, ಒಳಗಿನ ನೆಲದ ಮೇಲೆ ತಟ್ಟೆಯಲ್ಲಿ ನೀರಿಟ್ಟು ಯಾವ ಕಡೆ ಓರೆ ಅಂತ ನೋಡಿ, ಆ ಕಡೆಯ ಚಕ್ರದ ಕೆಳಗೆ ಅಟ್ಟೆ ಕೊಟ್ಟೆ. ಆಮೇಲೆ ಒಂದು ದಿನವೂ ಸಾಮಾನು ಕೆಡಲಿಲ್ಲ.

ದೊಡ್ಡ ಚೀಟಿ ನೋಡಬೇಡಿ, ಸಣ್ಣ ಚೀಟಿ ನೋಡಿ

ಅಲ್ಲಿಯ ಅಂಗಡಿಗಳಲ್ಲಿ ಪ್ರತಿ ಸಾಮಾನಿನ ಕೆಳಗೆ ಎರಡು ಬೆಲೆ ಬರೆದಿರುತ್ತೆ. ದೊಡ್ಡ ಅಕ್ಷರದ್ದು ಪ್ಯಾಕೆಟ್ ಬೆಲೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕಿಲೋಗೆ ಎಷ್ಟು, ಲೀಟರಿಗೆ ಎಷ್ಟು ಅಂತ ಇರುತ್ತೆ. ಯೂರೋಪಿನ ದೇಶಗಳೆಲ್ಲ ಸೇರಿ 1998ರಲ್ಲಿ ಮಾಡಿದ ಕಾಯಿದೆ ಇದು. ನನಗೆ ಭಾಷೆ ಬರದಿದ್ದರೂ ಅಂಕಿ ಓದಲು ಬರುತ್ತೆ. ಈ ಸಣ್ಣ ಅಂಕಿಯೇ ನನಗೆ ಕೈಹಿಡಿದದ್ದು.

ಒಂದು ಉದಾಹರಣೆ. ಅಕ್ಕಿ ಅರ್ಧ ಕಿಲೋ ಪ್ಯಾಕೆಟ್ ಚೆಂದದ ಚಿತ್ರ ಹಾಕಿಕೊಂಡು ಕಣ್ಣೆತ್ತರದಲ್ಲಿ ಕೂತಿರುತ್ತೆ, 1 ಯೂರೋ 45 ಸೆಂಟ್. ಕಾಲಬುಡದ ಅರೆಯಲ್ಲಿ ಒಂದು ಕಿಲೋ ಪ್ಯಾಕೆಟ್ 1 ಯೂರೋ 30 ಸೆಂಟ್. ಸಣ್ಣ ಚೀಟಿ ನೋಡಿದರೆ ಮೊದಲನೆಯದು ಕಿಲೋಗೆ 2.90, ಎರಡನೆಯದು 1.30. ದುಬಾರಿ ಸಾಮಾನು ಕಣ್ಣಿನ ಮುಂದೆ, ಅಗ್ಗದ್ದು ಬಗ್ಗಿ ತೆಗೆಯುವ ಕಡೆ. ಕಳೆ ಕಿತ್ತು ಬೆನ್ನು ಬಗ್ಗಿದ ನಮಗೆ ಅದೇನು ಕಷ್ಟವಲ್ಲ.

ಅಗ್ಗದ ಪ್ಯಾಕೆಟ್ಟುಗಳು ಬಹುಪಾಲು ಅಂಗಡಿಯವರದೇ ಹೆಸರಿನವು. ಸ್ಪೇನಿನಲ್ಲಿ ಇದಕ್ಕೆ ಮಾರ್ಕಾ ಬ್ಲಾಂಕಾ, ಅಂದರೆ ಬಿಳಿ ಗುರುತು, ಅಂತಾರೆ. ಮೆರ್ಕದೋನಾ ಅನ್ನುವ ಅಂಗಡಿಗಳಲ್ಲಿ ಆಸೆಂದಾದೋ ಅಂತ ಬರೆದದ್ದು ಅಂಥದ್ದು. ಜರ್ಮನಿಯ ಆಲ್ಡಿ, ಲಿಡ್ಲ್ ಅಂಗಡಿಗಳೂ ಸ್ಪೇನಿನ ಊರೂರಲ್ಲಿ ಇವೆ. ಆಲ್ಡಿಯ ಮೂಲ 1913ರಲ್ಲಿ ಎಸೆನ್ ಊರಿನಲ್ಲಿ ಒಬ್ಬ ತಾಯಿ ಇಟ್ಟ ಕಿರಾಣಿ ಅಂಗಡಿ. ಯುದ್ಧ ಮುಗಿದ ಮೇಲೆ ಇಬ್ಬರು ಗಂಡುಮಕ್ಕಳು ಅದನ್ನು ಬೆಳೆಸಿದರು. ಅವರ ಉಪಾಯ ಸರಳ. ಸಾಮಾನಿನ ಬಗೆ ಕಡಿಮೆ, ರಟ್ಟಿನ ಪೆಟ್ಟಿಗೆಯಲ್ಲೇ ಜೋಡಣೆ, ಆಳು ಕಡಿಮೆ, ಬೆಲೆ ಕಡಿಮೆ.

ನಮ್ಮಲ್ಲೂ ಈಚೆಗೆ ಪ್ಯಾಕೆಟ್ಟಿನ ಮೇಲೆ ಗ್ರಾಮಿಗೆ ಇಷ್ಟು ಅಂತ ಅಚ್ಚು ಹಾಕುತ್ತಾರೆ, ನೋಡಿ. ನಾನು ಊರಿಗೆ ಬಂದ ಮೇಲೆ ಗಮನಿಸಿದೆ. ಅಕ್ಷರ ಇರುವೆ ಸಾಲಿನ ಹಾಗಿರುತ್ತೆ, ಕನ್ನಡಕ ಬೇಕು.

ಕಾಳಿನ ಲೆಕ್ಕ

ನಮ್ಮ ಮನೆಯಲ್ಲಿ ಮಾಂಸ ಇಲ್ಲ. ಹಾಗಾಗಿ ಕಾಳು ಬೇಕೇ ಬೇಕು. ಸ್ಪೇನಿನ ಜನ ಕಡಲೆ, ಮಸೂರ, ಹುರುಳಿಕಾಯಿ ಜಾತಿಯ ಬಿಳಿ ಕಾಳು ಚೆನ್ನಾಗಿ ತಿನ್ನುತ್ತಾರೆ. ಕಾಬೂಲಿ ಕಡಲೆಗೆ ಗರ್ಬಾಂಸೋ, ಮಸೂರಕ್ಕೆ ಲೆಂತೇಹಾ. ಅವರು ಬೇಯಿಸಿದ ಕಾಳನ್ನು ಗಾಜಿನ ಜಾಡಿಯಲ್ಲಿ ತುಂಬಿ ಮಾರುತ್ತಾರೆ. ಮಗ ಮೊದಲು ಅದನ್ನೇ ತರುತ್ತಿದ್ದ, ಗ್ಯಾಸ್ ಉಳಿಯುತ್ತೆ ಅಂತ. ಕೂತು ಲೆಕ್ಕ ಹಾಕಿದೆವು.

ಜಾಡಿ ಕಡಲೆ: 90 ಸೆಂಟಿಗೆ ನೀರು ಬಸಿದರೆ 400 ಗ್ರಾಂ ಕಾಳು. ಅಂದರೆ ಬೆಂದ ಕಾಳು ಕಿಲೋಗೆ 2 ಯೂರೋ 25 ಸೆಂಟ್.

ಒಣ ಕಡಲೆ: ಕಿಲೋಗೆ 2 ಯೂರೋ. ನೆನೆಸಿ ಬೇಯಿಸಿದರೆ ಎರಡು ಕಿಲೋ ಮೇಲೆ ಆಗುತ್ತೆ. ಅಂದರೆ ಬೆಂದ ಕಾಳು ಕಿಲೋಗೆ ಒಂದು ಯೂರೋ ಒಳಗೇ.

ಜಾಡಿಯಲ್ಲಿ ದುಡ್ಡು ಕೊಡುವುದು ನೀರಿಗೆ, ಗಾಜಿಗೆ. ಆ ನೀರು, ಗಾಜಿನ ತೂಕ ಬೇರೆ ನಮ್ಮ 75 ಕಿಲೋದೊಳಗೆ ಕೂರುತ್ತೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ಕುಕ್ಕರಿನಲ್ಲಿ ಐದಾರು ಕೂಗು ಕೂಗಿಸಿ ಉರಿ ಆರಿಸಿ, ಕಂಬಳಿ ಸುತ್ತಿಟ್ಟರೆ ಒಳಗಿನ ಶಾಖಕ್ಕೇ ಉಳಿದದ್ದು ಬೇಯುತ್ತೆ. ಗ್ಯಾಸೂ ಕಡಿಮೆ. ಮಸೂರಕ್ಕೆ ನೆನೆಸುವುದೂ ಬೇಡ. ಎರಡು ಜಾಡಿ ಮಾತ್ರ ಆಪತ್ತಿಗೆ ಅಂತ ಇಟ್ಟುಕೊಂಡಿದ್ದೆವು.

ಕಡಲೆಹಿಟ್ಟೂ ಅಲ್ಲಿ ಸಿಗುತ್ತೆ. ರವೆ ಸಿಗುತ್ತೆ, ಅದಕ್ಕೆ ಸೇಮೊಲಾ ಅಂತಾರೆ. ಅಕ್ಕಿಯಲ್ಲಿ ದುಂಡಗಿನದು ಅಂಟಂಟು. ಅನ್ನ ಉದುರುದುರಾಗಬೇಕಾದರೆ ಲಾರ್ಗೋ ಅಂತ ಬರೆದದ್ದು ತರಬೇಕು. ಎಣ್ಣೆಗೆ ನಾವು ಸೂರ್ಯಕಾಂತಿ ಹಿಡಿದೆವು. ಆಲಿವ್ ಎಣ್ಣೆಯ ದೇಶದಲ್ಲಿದ್ದೂ ಅದನ್ನು ಧಾರಾಳ ಬಳಸಲಾಗಲಿಲ್ಲ. 2022 ಮತ್ತು 2023ರಲ್ಲಿ ಬರ ಬಿದ್ದು ಆಲಿವ್ ಇಳುವರಿ ಅರ್ಧಕ್ಕಿಂತ ಕೆಳಗಿಳಿದು, ಎಣ್ಣೆ ಬೆಲೆ ಸಿಕ್ಕಾಪಟ್ಟೆ ಏರಿತ್ತು. ನಾವು ಹೋದಾಗ ಇಳಿಯುತ್ತಿತ್ತು, ಆದರೂ ಸೂರ್ಯಕಾಂತಿಗಿಂತ ಎಷ್ಟೋ ಹೆಚ್ಚು. ಬರದ ಪೆಟ್ಟು ಎಲ್ಲಾ ದೇಶದಲ್ಲೂ ಒಂದೇ ಥರ ಅಂತ ಅನ್ನಿಸಿತು.

ಹಾಲು, ಮೊಸರು, ತುಪ್ಪ

ಸ್ಪೇನಿನಲ್ಲಿ ಹೆಚ್ಚಿನ ಹಾಲು ರಟ್ಟಿನ ಡಬ್ಬಿಯಲ್ಲಿ ಬರುತ್ತೆ. ವಿಪರೀತ ಬಿಸಿ ಮಾಡಿ ತುಂಬಿದ ಹಾಲು, ಒಡೆಯದಿದ್ದರೆ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇರುತ್ತೆ. ಲೀಟರಿಗೆ ಒಂದು ಯೂರೋ ಒಳಗೆ. ಮನೆಗಾಡಿಗೆ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ. ಸಣ್ಣ ಫ್ರಿಜ್ಜಿನಲ್ಲಿ ಜಾಗ ಉಳಿಯುತ್ತೆ.

ಮೊಸರಿನ ಡಬ್ಬಿ ಕೊಳ್ಳುವುದನ್ನು ನಿಲ್ಲಿಸಿದೆವು. ಸಕ್ಕರೆ ಹಾಕದ ಮೊಸರು ಒಂದು ಸಣ್ಣ ಡಬ್ಬಿ ತಂದು ಹೆಪ್ಪಿಗೆ ಬಳಸಿದೆವು. ಡಬ್ಬಿ ಹಾಲನ್ನು ಕಾಯಿಸಿ ಆರಿಸಬೇಕಿಲ್ಲ, ಉಗುರು ಬೆಚ್ಚಗೆ ಮಾಡಿದರೆ ಸಾಕು. ಹೆಪ್ಪು ಹಾಕಿ, ಪಾತ್ರೆಗೆ ಟವೆಲ್ ಸುತ್ತಿ, ಕಾಳು ಬೇಯಿಸಿದ ಕುಕ್ಕರಿನ ಪಕ್ಕ ಅದೇ ಕಂಬಳಿಯೊಳಗೆ ಇಟ್ಟರೆ ಬೆಳಿಗ್ಗೆ ಗಟ್ಟಿ ಮೊಸರು.

ತುಪ್ಪಕ್ಕೆ ಉಪ್ಪಿಲ್ಲದ ಬೆಣ್ಣೆ ತಂದು ಕಾಯಿಸಿದೆವು. ಇಲ್ಲೊಂದು ಎಚ್ಚರಿಕೆ. ಬೆಣ್ಣೆಗೆ ಮಾಂತೆಕೀಯಾ ಅಂತಾರೆ. ಪಕ್ಕದಲ್ಲೇ ಬೆಳ್ಳಗೆ, ಬೆಣ್ಣೆಗಿಂತ ಅಗ್ಗಕ್ಕೆ ಮಾಂತೇಕಾ ಅಂತ ಇತ್ತು. ಅಗ್ಗ ಅಂತ ನಾನೇ ಎರಡು ಡಬ್ಬಿ ಬುಟ್ಟಿಗೆ ಹಾಕಿದ್ದೆ. ಸೊಸೆ ಓದಿ ನೋಡಿ, "ಮಾವ, ಇದು ಹಂದಿ ಕೊಬ್ಬು" ಅಂದಳು! ಒಂದಕ್ಷರದ ವ್ಯತ್ಯಾಸ. ಹಾಗೇ ಮಸೂರದ ಡಬ್ಬಿಯಲ್ಲಿ ಚೊರೀಸೋ ಅಂತ ಇದ್ದರೆ ಅದರಲ್ಲಿ ಹಂದಿಮಾಂಸ ಇರುತ್ತೆ. ಸಸ್ಯಾಹಾರಿಗಳು ಚಿತ್ರ ನೋಡಿ ಕೊಳ್ಳಬಾರದು, ಬರೆದದ್ದನ್ನು ಯಾರಿಂದಾದರೂ ಓದಿಸಿಯೇ ಕೊಳ್ಳಬೇಕು.

ತಾರೀಖಿನ ವಿಷಯವೂ ಹೀಗೇ. ಅಲ್ಲಿ ಎರಡು ಥರ ತಾರೀಖು. ಕೊನ್ಸುಮೋ ಪ್ರೆಫೆರೆಂತೆ ಅಂತ ಇದ್ದರೆ ಆ ದಿನದವರೆಗೆ ರುಚಿ, ಗುಣ ಚೆನ್ನಾಗಿರುತ್ತೆ ಅಂತ. ಅಕ್ಕಿ, ಬೇಳೆ, ಬಿಸ್ಕತ್ತಿಗೆ ಇದು. ದಿನ ದಾಟಿತು ಅಂತ ಚೆಲ್ಲಬೇಕಿಲ್ಲ, ನೋಡಿ ಮೂಸಿ ತಿನ್ನಬಹುದು. ಕದುಸಿದಾದ್ ಅಂತ ಇದ್ದರೆ ಅದು ಬೇಗ ಕೆಡುವ ಪದಾರ್ಥ, ಆ ದಿನ ದಾಟಿದರೆ ತಿನ್ನಬಾರದು. ತಾರೀಖು ಹತ್ತಿರ ಬಂದ ಸಾಮಾನಿಗೆ ಕೆಲವು ಅಂಗಡಿಯವರು ಬೇರೆ ಬಣ್ಣದ ಚೀಟಿ ಅಂಟಿಸಿ ಬೆಲೆ ಇಳಿಸುತ್ತಾರೆ. ಆವತ್ತೇ ತಿನ್ನುವುದಾದರೆ ಅದು ಲಾಭ. ಇಟ್ಟು ತಿನ್ನುವುದಾದರೆ ನಷ್ಟ.

ಮಗ ಮೊಟ್ಟೆ ತಿನ್ನುತ್ತಾನೆ. ಅಲ್ಲಿ ಪ್ರತಿ ಮೊಟ್ಟೆ ಮೇಲೂ ಅಂಕಿ ಅಚ್ಚು ಹಾಕಿರುತ್ತೆ. ಮೊದಲ ಅಂಕಿ 0 ಆದರೆ ಸಾವಯವ ಕೋಳಿ, 1 ಆದರೆ ಬಯಲಲ್ಲಿ ಓಡಾಡಿದ್ದು, 2 ಆದರೆ ಕೊಟ್ಟಿಗೆಯೊಳಗೆ ಬಿಟ್ಟದ್ದು, 3 ಆದರೆ ಪಂಜರದ್ದು. ಆಮೇಲೆ ದೇಶದ ಗುರುತು. ಕೊಳ್ಳುವವನಿಗೆ ಬೆಲೆ ಏಕೆ ಹೆಚ್ಚು, ಏಕೆ ಕಡಿಮೆ ಅಂತ ತಿಳಿಯುತ್ತೆ. ನಾಟಿ ಕೋಳಿ ಮೊಟ್ಟೆ ಮಾರುವ ನಮ್ಮ ಹೆಣ್ಣುಮಕ್ಕಳಿಗೆ ಇಂಥ ಗುರುತೊಂದು ಇದ್ದಿದ್ದರೆ ಅಂತ ಅನ್ನಿಸಿತು.

ಸಂತೆ ಸಿಕ್ಕಿದ ಮೇಲೆ

ಅಲ್ಲಿಯ ಊರುಗಳಲ್ಲಿ ವಾರಕ್ಕೊಂದು ದಿನ ಸಂತೆ. ಮೆರ್ಕದೀಯೋ ಅಂತಾರೆ. ಬೀದಿಯಲ್ಲೇ ಗುಡಾರ ಹಾಕಿ, ಬಟ್ಟೆ, ಚಪ್ಪಲಿ, ತರಕಾರಿ, ಹಣ್ಣು, ಒಣಹಣ್ಣು ಎಲ್ಲಾ. ಕೂಗುವುದು ಕೇಳಿದರೆ ನಮ್ಮ ಚಳ್ಳಕೆರೆ ಸಂತೆಯೇ. ಬೆಳಿಗ್ಗೆ ಸುರುವಾಗಿ ಮಧ್ಯಾಹ್ನ ಎರಡರ ಹೊತ್ತಿಗೆ ಕಿತ್ತುಬಿಡುತ್ತಾರೆ. ನಾವು ಗಾಡಿ ಒಂದು ಕಡೆ ನಿಲ್ಲಿಸಿಕೊಂಡ ಮೇಲೆ ಸುತ್ತಲಿನ ಯಾವ ಊರಲ್ಲಿ ಯಾವ ವಾರ ಸಂತೆ ಅಂತ ಬರೆದಿಟ್ಟುಕೊಂಡೆವು.

ನಮ್ಮ ಮನೆಯಾಕೆ ಎರಡು ಸುತ್ತು ಹೋಗುತ್ತಿದ್ದಳು. ಮೊದಲ ಸುತ್ತಿನಲ್ಲಿ ಏನೂ ಕೊಳ್ಳುವಂತಿಲ್ಲ, ಬೆಲೆ ನೋಡುವುದು ಮಾತ್ರ. ಎರಡನೇ ಸುತ್ತು ಒಂದು ಗಂಟೆ ಮೇಲೆ. ಆಗ ಉಳಿದದ್ದನ್ನು ವಾಪಸ್ ಹೊರುವುದು ಬೇಡ ಅಂತ ಚೀಲಕ್ಕೆ ಒಂದು ಯೂರೋ ಅಂತ ಕೂಗುತ್ತಾರೆ. ಸೊಟ್ಟ ಸೌತೆ, ಸೀಳು ಬಿಟ್ಟ ಟೊಮೆಟೊ, ಸಣ್ಣ ದಪ್ಪಮೆಣಸಿನಕಾಯಿ. ರುಚಿಗೆ ಏನೂ ಕಮ್ಮಿ ಇಲ್ಲ. ಸಾರಿಗೆ ಹಾಕುವ ಟೊಮೆಟೊ ದುಂಡಗೇ ಇರಬೇಕೆ?

ಚಳಿಗಾಲದ ಬೆಳೆ ಏನು ಅಂತ ನೋಡಿ ಅದನ್ನೇ ತಿಂದೆವು. ಕಿತ್ತಳೆ ಜಾಲರಿ ಚೀಲದಲ್ಲಿ ಕಿಲೋಗೆ ಒಂದು ಯೂರೋ ಆಸುಪಾಸು. ಅಸೆಲ್ಗಾ ಅನ್ನುವ ದೊಡ್ಡೆಲೆ ಸೊಪ್ಪು ಕಟ್ಟುಗಟ್ಟಲೆ, ಮಸೂರದ ಜೊತೆ ಮಸ್ಸೊಪ್ಪು ಮಾಡಿದರೆ ನಮ್ಮ ಊರಿನದೇ. ಫೆಬ್ರುವರಿ ಬಂದ ಮೇಲೆ ಆಬಾ ಅನ್ನುವ ದಪ್ಪ ಕಾಳಿನ ಹಸಿಕಾಯಿ ಬಂತು. ಅದಕ್ಕೂ ಮೇಲೊಂದು ಸಿಪ್ಪೆ. ನೆನೆಸಿ ಹಿತುಕಿದರೆ ಹಿತುಕಬೇಳೆ! ಅವರೆಯಲ್ಲ, ಆದರೆ ಅವರೆಯ ಹಸಿವು ತೀರಿತು. ಆವತ್ತು ಸೊಸೆ ಎರಡು ಸಲ ಬಡಿಸಿಕೊಂಡು ಉಂಡಳು.

ಇನ್ನೊಂದು ಉಪಕಾರ ಮೊರೊಕ್ಕೊ ದೇಶದವರ ಅಂಗಡಿಗಳಿಂದ ಆಯಿತು. ಅಲ್ಮೇರಿಯಾ ಕಡೆ ಹಸಿರುಮನೆಗಳಲ್ಲಿ ದುಡಿಯುವವರಲ್ಲಿ ಮೊರೊಕ್ಕೊದವರು ಬಹಳ. ಅವರಿಗಾಗಿ ಇರುವ ಕಿರಾಣಿ ಅಂಗಡಿಗಳಲ್ಲಿ ಕೊತ್ತಂಬರಿ ಸೊಪ್ಪು, ಪುದೀನ, ಜೀರಿಗೆ, ಅರಿಶಿನ, ಖಾರದ ಮೆಣಸಿನಕಾಯಿ, ರವೆ, ಕಾಳು ಬಿಡಿಯಾಗಿ ತೂಗಿ ಕೊಡುತ್ತಾರೆ. ದೊಡ್ಡ ಅಂಗಡಿಯಲ್ಲಿ ಜೀರಿಗೆ ಬೆರಳುದ್ದ ಶೀಷೆಯಲ್ಲಿ ಮಾರುವುದು, ಕಿಲೋ ಲೆಕ್ಕ ನೋಡಿದರೆ ಎದೆ ಧಸಕ್ ಅನ್ನುತ್ತೆ.

ಅಲ್ಲಿಯ ಪದ್ಧತಿಯೂ ಒಂದಿಷ್ಟು ತಿಳಿದಿರಬೇಕು. ಅಂಗಡಿಯಲ್ಲಿ ತರಕಾರಿ ಬರಿಗೈಲಿ ಮುಟ್ಟಬಾರದು, ಪ್ಲಾಸ್ಟಿಕ್ ಕೈಚೀಲ ಇಟ್ಟಿರುತ್ತಾರೆ, ಹಾಕಿಕೊಂಡೇ ಆರಿಸಬೇಕು. ನಾನು ಅಭ್ಯಾಸಬಲದಿಂದ ಬದನೆಕಾಯಿ ಒತ್ತಿ ನೋಡಿ ಒಬ್ಬ ಅಜ್ಜಿಯಿಂದ ಬೈಸಿಕೊಂಡೆ. ಕೆಲವು ಕಡೆ ನಾವೇ ತೂಗಿ ಚೀಟಿ ಅಂಟಿಸಬೇಕು. ಸಾಮಾನಿನ ಚೀಲಕ್ಕೆ 2018ರಿಂದ ಬೇರೆ ದುಡ್ಡು, ಆದ್ದರಿಂದ ಬಟ್ಟೆ ಚೀಲ ಒಯ್ಯಬೇಕು. ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು. ಸಣ್ಣ ಅಂಗಡಿಗಳು ಮಧ್ಯಾಹ್ನ ಎರಡರಿಂದ ಐದರವರೆಗೂ ಮುಚ್ಚಿರುತ್ತವೆ.

ಊರಿಂದ ಏನು ಒಯ್ಯಬಹುದು

ನಾವು ಒಯ್ದದ್ದು ರಾಗಿಹಿಟ್ಟು, ಸಾರಿನ ಪುಡಿ, ಖಾರದ ಪುಡಿ, ಹುಣಸೆಹಣ್ಣು, ಶೇಂಗಾ ಚಟ್ನಿಪುಡಿ. ಇವಕ್ಕೆ ತೊಂದರೆ ಆಗಲಿಲ್ಲ. ತುಪ್ಪ, ಕೋವಾ, ಹಾಲಿನ ಸಿಹಿ, ಯಾವುದೇ ಮಾಂಸ ಒಯ್ಯುವಂತಿಲ್ಲ, ಯೂರೋಪಿನಲ್ಲಿ ಅದಕ್ಕೆ ನಿಷೇಧ ಇದೆ. ತುಪ್ಪದ ಡಬ್ಬಿ ಕೊನೇ ಗಳಿಗೆಯಲ್ಲಿ ಮನೆಯಲ್ಲೇ ಬಿಟ್ಟೆವು. ಹಸಿ ಹಣ್ಣು, ತರಕಾರಿ, ಸೊಪ್ಪಿಗೆ 2019ರ ಡಿಸೆಂಬರಿನಿಂದ ರೋಗ ಕೀಟ ಇಲ್ಲ ಅನ್ನುವ ಸರ್ಕಾರಿ ಪತ್ರ ಬೇಕು. ತೆಂಗು, ಬಾಳೆ, ಅನಾನಸ್, ಖರ್ಜೂರ, ಡುರಿಯನ್ ಮಾತ್ರ ಬಿಟ್ಟಿದ್ದಾರೆ. ಕರಿಬೇವು ಕಟ್ಟಿಕೊಡುವ ತಾಯಂದಿರು ಇದನ್ನು ಗಮನಿಸಬೇಕು. ನಮ್ಮ ರೈತರ ಮಾವನ್ನೇ ಹುಳ ಸಿಕ್ಕಿತು ಅಂತ 2014ರ ಮೇ ತಿಂಗಳಿಂದ ಕೆಲವು ತಿಂಗಳು ತಡೆದಿದ್ದರು.

ಅಗ್ಗದ ಟೊಮೆಟೊ ಯಾರಿಗೆ ದುಬಾರಿ

ಇಷ್ಟು ಬರೆದು ನಿಲ್ಲಿಸಿದರೆ ನಾನು ಕೊಳ್ಳುವವನಾಗಿ ಮಾತ್ರ ಬರೆದಂತಾಗುತ್ತೆ. ಬೆಳೆಯುವವನಾಗಿ ಕಂಡದ್ದನ್ನೂ ಹೇಳಬೇಕು.

ಅಲ್ಮೇರಿಯಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ನಮ್ಮ ಚಳ್ಳಕೆರೆ ಕಡೆ ಬೀಳುವುದರ ಅರ್ಧದಷ್ಟು. ಅಂಥ ನೆಲದಲ್ಲಿ 30 ಸಾವಿರ ಹೆಕ್ಟೇರಿಗೂ ಹೆಚ್ಚು ಪ್ಲಾಸ್ಟಿಕ್ ಹಸಿರುಮನೆ ಹಾಕಿದ್ದಾರೆ. ದಿಬ್ಬದ ಮೇಲಿಂದ ನೋಡಿದರೆ ಸಮುದ್ರ ಎಲ್ಲಿ ಮುಗಿಯಿತು, ಪ್ಲಾಸ್ಟಿಕ್ ಎಲ್ಲಿ ಸುರುವಾಯಿತು ತಿಳಿಯೋದಿಲ್ಲ. ಅಲ್ಲಿ ಹಳೆಯ ಪದ್ಧತಿಯೊಂದಿದೆ. ನೆಲಕ್ಕೆ ಗೊಬ್ಬರದ ಪದರ ಹಾಕಿ ಮೇಲೆ ಮರಳು ಹೊದಿಸುವುದು. ಮರಳಿನಡಿಯ ತೇವ ಆರುವುದಿಲ್ಲ, ಉಪ್ಪು ಮೇಲೇರುವುದಿಲ್ಲ. ಇಷ್ಟಾದರೂ ಬಾವಿಗಳನ್ನು ಹೀರಿ ಹೀರಿ ಅಂತರ್ಜಲ ಕೆಟ್ಟು, ಈಗ ಸಮುದ್ರದ ನೀರಿನ ಉಪ್ಪು ತೆಗೆದು ಹೊಲಕ್ಕೆ ಕೊಡುವ ಮಟ್ಟಕ್ಕೆ ಬಂದಿದ್ದಾರೆ.

ಅಲ್ಲಿ ತರಕಾರಿ ಹರಾಜಿಗೆ ಹೋಗುತ್ತೆ. ಹರಾಜು ನಮ್ಮ ಹಾಗೆ ಏರುವುದಲ್ಲ, ಇಳಿಯುವುದು. ಮೇಲಿನ ಬೆಲೆಯಿಂದ ಕೆಳಕ್ಕೆ ಇಳಿಸುತ್ತಾ ಬರುತ್ತಾರೆ, ಮೊದಲು ಯಾರು ಒಪ್ಪುತ್ತಾರೋ ಅವರಿಗೆ ಮಾಲು. ಸಂತೆಯಲ್ಲಿ ಸ್ವಂತ ಟೊಮೆಟೊ ಮಾರುತ್ತಿದ್ದ ಒಬ್ಬ ಬೆಳೆಗಾರನನ್ನು ಮಗನ ಫೋನಿನಲ್ಲಿ ಭಾಷೆ ಬದಲಾಯಿಸಿ ಮಾತಾಡಿಸಿದೆ. ದೊಡ್ಡ ಅಂಗಡಿಯ ಬೆಲೆಯಲ್ಲಿ ಮೂರರಲ್ಲಿ ಒಂದು ಪಾಲು ಹರಾಜಿನಲ್ಲಿ ಕೈಗೆ ಬಂದರೆ ಒಳ್ಳೇ ದಿನ ಅಂದ. ನನ್ನ ಕೈ ನೋಡಿ, ನೀನೂ ರೈತನೇ ಅಂತ ಕೇಳಿದ. ಹೌದು, ಶೇಂಗಾ ಅಂದೆ. ಒಂದು ಸೌತೆಕಾಯಿ ಹೆಚ್ಚು ಹಾಕಿದ.

ಹಾಲಿನದೂ ಇದೇ ಕಥೆ. ನಾವು ಒಂದು ಯೂರೋ ಒಳಗೆ ಕುಡಿದ ಹಾಲು ಹಿಂದೆ ಇನ್ನೂ ಅಗ್ಗವಾಗಿತ್ತಂತೆ. 2008ರಲ್ಲಿ ಜರ್ಮನಿಯ ಹೈನುಗಾರರು ಬೆಲೆ ಸಾಲದೆಂದು ಡೈರಿಗೆ ಹಾಲು ಹಾಕುವುದನ್ನೇ ನಿಲ್ಲಿಸಿದ್ದರು. 2009ರಲ್ಲಿ ಬೆಲ್ಜಿಯಂನಲ್ಲಿ ಲಕ್ಷಾಂತರ ಲೀಟರ್ ಹಾಲನ್ನು ಟ್ರ್ಯಾಕ್ಟರಿನಲ್ಲಿ ಒಯ್ದು ಹೊಲಕ್ಕೆ ಸುರಿದರು. ಟೊಮೆಟೊ ರಸ್ತೆಗೆ ಸುರಿಯುವ ನಮ್ಮವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲಿಂದ ನಾವೊಂದು ನಿಯಮ ಮಾಡಿಕೊಂಡೆವು. ಅಕ್ಕಿ, ಕಾಳು, ಎಣ್ಣೆ, ಹಾಲು ಅಗ್ಗದ ಅಂಗಡಿಯಲ್ಲಿ. ತರಕಾರಿ, ಹಣ್ಣು ಆದಷ್ಟೂ ಬೆಳೆದವನ ಕೈಯಿಂದ. ಅಂಗಡಿಗಿಂತ ನಮಗೆ ಕಡಿಮೆ ಬೀಳುತ್ತಿತ್ತು, ಹರಾಜಿಗಿಂತ ಅವನಿಗೆ ಹೆಚ್ಚು ಸಿಗುತ್ತಿತ್ತು. ಅವನ ಹತ್ತಿರ ಮಾತ್ರ ಚೌಕಾಸಿ ಮಾಡಲಿಲ್ಲ.

ಕೊನೇ ಲೆಕ್ಕ

ಮೂರನೇ ವಾರ 104 ಯೂರೋ. ಆಮೇಲಿನ ಆರು ವಾರ 90ರಿಂದ 100ರ ಒಳಗೆ, ಒಟ್ಟು 570. ಒಂಬತ್ತು ವಾರಕ್ಕೆ ಎಲ್ಲಾ ಸೇರಿ 983 ಯೂರೋ, ಅಂದರೆ 88,470 ರೂಪಾಯಿ. ಮೊದಲ ವಾರದ ಹಾಗೇ ನಡೆದಿದ್ದರೆ 1,539 ಯೂರೋ ಆಗುತ್ತಿತ್ತು. ಉಳಿದದ್ದು 556 ಯೂರೋ, ಐವತ್ತು ಸಾವಿರ ರೂಪಾಯಿ. ಫೆಬ್ರುವರಿಯಲ್ಲಿ ವಾಪಸ್ ಹೋಗುವ ಮಾತು ಮತ್ತೆ ಬರಲಿಲ್ಲ.

ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಆ 88 ಸಾವಿರ ಅಂದರೆ 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 6,783 ರೂಪಾಯಿಯಂತೆ 13 ಕ್ವಿಂಟಾಲ್ ಶೇಂಗಾ. ಒಳ್ಳೇ ಮಳೆ ಬಂದರೆ ನನ್ನ ನಾಲ್ಕು ಎಕರೆ ಕೊಡುವುದು ಅಷ್ಟೇ. ಮಕ್ಕಳ ಸಂಬಳ ಅಲ್ಲಿಯ ದುಡ್ಡಿನಲ್ಲಿ ಇರುತ್ತೆ, ಖರ್ಚೂ ಅಲ್ಲಿಯದೇ. ಇಲ್ಲಿ ಕೂತು ರೂಪಾಯಿಗೆ ಗುಣಿಸಿ ಬಹಳ ಉಳಿಸುತ್ತಾರೆ ಅಂತ ತಿಳಿಯಬೇಡಿ.

ಹೋಗುವವರು ನೆನಪಿಡಬೇಕಾದ್ದು:

1. ದಿನಾ ಚೀಟಿ ಎತ್ತಿಟ್ಟು ವಾರಕ್ಕೊಮ್ಮೆ ಕೂಡಿಸಿ. ಲೆಕ್ಕ ಬರೆಯದೆ ಉಳಿತಾಯ ಆಗೋದಿಲ್ಲ.

2. ಪ್ಯಾಕೆಟ್ ಬೆಲೆ ಬಿಟ್ಟು ಕಿಲೋ ಬೆಲೆ ನೋಡಿ.

3. ಹೆದ್ದಾರಿಯಲ್ಲಿ ಕೊಳ್ಳಬೇಡಿ. ಹೊರಡುವ ಮುಂಚೆ ಎರಡು ದಿನದ ಬುತ್ತಿ ಕಟ್ಟಿಕೊಳ್ಳಿ.

4. ಒಣ ಕಾಳು, ಡಬ್ಬಿ ಹಾಲು, ಕುಕ್ಕರ್ ಇದ್ದರೆ ಊಟದ ಮುಕ್ಕಾಲು ಚಿಂತೆ ಕಳೆಯಿತು.

5. ಗಾಡಿ ಮಟ್ಟವಾಗಿ ನಿಲ್ಲಿಸಿ, ತಟ್ಟೆ ನೀರಿನಲ್ಲಿ ನೋಡಿ.

6. ಸಂತೆಯ ದಿನ ತಿಳಿದುಕೊಂಡು ಎರಡು ಸುತ್ತು ಹಾಕಿ.

7. ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋಗಬೇಡಿ. ಇದು ನಮ್ಮ ಊರಿಗೂ ಸೇರಿ.

ಕುಕ್ಕರನ್ನು ಸೊಸೆ ಅಲ್ಲೇ ಇಟ್ಟುಕೊಂಡಳು. ಗಾಡಿ ಮಾರಿದ್ದಾಯಿತು, ಕುಕ್ಕರ್ ಮಾತ್ರ ದಿನಾ ಕೂಗುತ್ತದೆ ಅಂತ ಮೊನ್ನೆ ಫೋನಿನಲ್ಲಿ ಹೇಳಿದಳು.